ಕೆಂಪಿಗೆ ಕೆಂಪೇ ಇತ್ತು, ಆದರೂ ಮದ್ದಳೆಯ ಗುಂ ಬರಲಿಲ್ಲ: ಒಂದು ಸಭಾಭವನದ ಸ್ಪೀಕರ್ ಪ್ರಕರಣ

ಇದು ಮಲೆನಾಡಿನ ಒಂದು ತಾಲೂಕು ಕೇಂದ್ರದ ಸಭಾಭವನದಲ್ಲಿ ನಡೆದದ್ದು. ಊರಿನ ಹೆಸರು, ಅಲ್ಲಿನವರ ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ವಯರಿಂಗ್ ವಿಷಯ ಮಾತ್ರ ನಡೆದದ್ದು ನಡೆದ ಹಾಗೇ ಇದೆ. ಸೌಂಡ್ ಕೆಲಸ ಮಾಡುವ ಹುಡುಗರಿಗೆ, ಭವನ ನೋಡಿಕೊಳ್ಳುವ ಸಮಿತಿಯವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನೂ ಬರೆದಿದ್ದೇನೆ.

ಭವನ ಮತ್ತು ಅಲ್ಲಿನ ಸೆಟ್

ಸುಮಾರು 250 ಕುರ್ಚಿಯ ಹಾಲ್. ಮಳೆಗಾಲ ಬಂತೆಂದರೆ ಅಲ್ಲಿ ತಾಳಮದ್ದಳೆ ಇದ್ದೇ ಇರುತ್ತದೆ. ನಡುವೆ ಹಿಂದೂಸ್ತಾನಿ ಕಛೇರಿ, ನಾಟಕ, ಸ್ಕೂಲ್ ಡೇ, ಆಗಾಗ ಮದುವೆ ರಿಸೆಪ್ಶನ್. ಅಲ್ಲಿನ ಜನ ಕೇಳುವುದರಲ್ಲಿ ಪಳಗಿದವರು. ಅರ್ಥಧಾರಿಯ ಒಂದು ಮಾತು ಕೇಳಿಸದಿದ್ದರೂ ಮುಂದಿನ ಸಾಲಿನಿಂದ ತಕ್ಷಣ ಕೈ ಮೇಲೆ ಹೋಗುತ್ತದೆ.

ಸೆಟ್ ದೊಡ್ಡದೇನಲ್ಲ. ವೇದಿಕೆಯ ಎಡಬಲದ ಗೋಡೆಗೆ ಒಂದೊಂದು ಟಾಪ್, ಅಂದರೆ ಮಾತು ಹಾಡು ಬರುವ ಮುಖ್ಯ ಸ್ಪೀಕರ್. ಒಂದೊಂದರಲ್ಲಿ ಕೆಳಗಿನ ಸ್ವರಕ್ಕೆ 12 ಇಂಚಿನ ವೂಫರ್, ಅದರ ಮೇಲೆ ಮೇಲಿನ ಸ್ವರಕ್ಕೆ ಹಾರ್ನ್. ವೇದಿಕೆಯ ಮುಂದೆ ನೆಲದ ಮೇಲೆ ಬೇಸ್‌ಗೆಂದೇ ಇರುವ ಎರಡು ಸಬ್, ತಲಾ 18 ಇಂಚು, ಒಂದಕ್ಕೊಂದು 8 ಮೀಟರ್ ದೂರ. ಟಾಪ್‌ಗೆ ಒಂದು ಆಂಪ್, ಸಬ್‌ಗೆ ಇನ್ನೊಂದು. ನಡುವೆ ಒಂದು ಕ್ರಾಸ್‌ಓವರ್, 100 ಹರ್ಟ್ಜ್‌ಗೆ ಕಟ್ ಮಾಡಿಟ್ಟದ್ದು; ಅದಕ್ಕಿಂತ ಕೆಳಗಿನ ಸ್ವರ ಸಬ್‌ಗೆ, ಮೇಲಿನದು ಟಾಪ್‌ಗೆ. ಮಿಕ್ಸರ್ ಇಟ್ಟ ಮೇಜು ಹಾಲಿನ ಹಿಂದೆ, ಎಡಗಡೆ ಮೂಲೆಯಲ್ಲಿ, ಬಾಗಿಲ ಪಕ್ಕ. ಕುರ್ಚಿಗೆ ಜಾಗ ಹೋಗಬಾರದು ಅಂತ ಸಮಿತಿಯವರು ಮೊದಲಿನಿಂದಲೂ ಅಲ್ಲೇ ಇಟ್ಟಿದ್ದರು. ಈ ಮೇಜನ್ನು ನೆನಪಿಟ್ಟುಕೊಳ್ಳಿ. ಕಥೆಯ ಅರ್ಧ ಗೊಂದಲ ಅದರಿಂದಲೇ ಆದದ್ದು.

ಬಣ್ಣ ಹೊಡೆದ ಮೇಲೆ

ಬೇಸಿಗೆಯಲ್ಲಿ ಹಾಲಿಗೆ ಬಣ್ಣ ಹೊಡೆಸಿದರು. ಗೋಡೆ ಮೇಲೆ ಜೋತಾಡುತ್ತಿದ್ದ ವಯರುಗಳನ್ನೆಲ್ಲ ತೆಗೆದು, ಹೊಸ ಪಿವಿಸಿ ಪೈಪಿನಲ್ಲಿ ಎಳೆಸಿದರು. ಊರಿನ ಎಲೆಕ್ಟ್ರಿಷಿಯನ್ ಆ ಕೆಲಸ ಮಾಡಿದ್ದು, ನೀಟಾಗಿಯೇ ಮಾಡಿದ್ದ. ಬಲಗಡೆ ಟಾಪ್‌ಗೆ ವಯರು ಸಾಲದೆ ನಡುವೆ ಒಂದು ಜಂಕ್ಷನ್ ಬಾಕ್ಸ್ ಹಾಕಿ, ಇನ್ನೊಂದು ತುಂಡು ಜೋಡಿಸಿದ್ದ. ಆ ತುಂಡಿನ ಎರಡೂ ಎಳೆ ಒಂದೇ ಬಣ್ಣದ್ದು.

ಜೂನ್‌ನಲ್ಲಿ ಮೊದಲ ತಾಳಮದ್ದಳೆ. ಸೌಂಡ್ ಬಂತು, ಎರಡೂ ಟಾಪ್ ಮಾತಾಡುತ್ತಿದ್ದವು. ಆದರೆ ಏನೋ ಸರಿ ಇಲ್ಲ. ನಡುವಿನ ಸಾಲಿನಲ್ಲಿ ಕೂತವರು ಒಬ್ಬೊಬ್ಬರಾಗಿ ಎದ್ದು ಗೋಡೆ ಪಕ್ಕಕ್ಕೆ ಹೋದರು. ಭಾಗವತರ ಸ್ವರ ವೇದಿಕೆಯಿಂದ ಬಂದ ಹಾಗೆ ಇರಲಿಲ್ಲ. ಎಲ್ಲಿಂದಲೋ, ಕಿವಿಯ ಅಕ್ಕಪಕ್ಕದಿಂದ, ತೆಳ್ಳಗೆ ಬರುತ್ತಿತ್ತು. ಆ ದಿನ ಕೇಳಲು ಬಂದಿದ್ದ ಒಬ್ಬರು ಹಿರಿಯ ಮದ್ದಳೆಗಾರರು ಕಾರ್ಯಕ್ರಮ ಮುಗಿದ ಮೇಲೆ ಆಪರೇಟರ್ ಹುಡುಗನಿಗೆ ಹೇಳಿದರಂತೆ: “ಮದ್ದಳೆಗೆ ಹೊಟ್ಟೆಯೇ ಇಲ್ಲ ಮಾರಾಯ. ಬರೀ ಚರ್ಮ ಕೇಳ್ತದೆ.”

ಅವರ ಈ ಮಾತು ಇಡೀ ಪ್ರಕರಣದಲ್ಲಿ ಯಾರೂ ಹೇಳಿದ್ದಕ್ಕಿಂತ ಸರಿಯಾದ ಮಾತು. ಎರಡು ಸ್ಪೀಕರ್‌ನಲ್ಲಿ ಒಂದರ ಪೋಲಾರಿಟಿ, ಅಂದರೆ ಪ್ಲಸ್ ಮೈನಸ್ ಜೋಡಣೆ, ಉಲ್ಟಾ ಆದಾಗ ಆಗುವುದು ಅದೇ. ಮೇಲಿನ ಚಟಪಟ ಉಳಿಯುತ್ತದೆ, ಕೆಳಗಿನ ತೂಕ ಹೋಗುತ್ತದೆ. ಆದರೆ ಆಗ ಅದನ್ನು ಯಾರೂ ಹಾಗೆ ಅರ್ಥ ಮಾಡಿಕೊಳ್ಳಲಿಲ್ಲ.

ಬೇಸ್ ಏರಿಸಿದ್ದು

ಬೇಸ್ ಕಮ್ಮಿ ಅಂದರೆ ಏನು ಮಾಡುತ್ತಾರೆ? ಏರಿಸುತ್ತಾರೆ. ಹುಡುಗನೂ ಅದನ್ನೇ ಮಾಡಿದ. ಈಕ್ವಲೈಸರ್‌ನಲ್ಲಿ 80, 100, 125ರ ಗುಂಡಿಗಳನ್ನು ಕೊನೆಯವರೆಗೆ, 12 ಡೆಸಿಬಲ್ ತನಕ ತಳ್ಳಿದ. ನಡುವಿನ ಸಾಲಿನವರಿಗೆ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಾರ್ಯಕ್ರಮಕ್ಕೆ ಮಾಸ್ಟರ್ ಕೂಡ ಜಾಸ್ತಿ ಮಾಡಿದ.

ಇಲ್ಲಿ ಒಂದು ಲೆಕ್ಕ ಹೇಳಬೇಕು. 3 ಡೆಸಿಬಲ್ ಏರಿಸಿದರೆ ಆಂಪ್ ಎರಡು ಪಟ್ಟು ಪವರ್ ಕೊಡಬೇಕು. 10 ಏರಿಸಿದರೆ ಹತ್ತು ಪಟ್ಟು. 12 ಅಂದರೆ ಹತ್ತಿರಹತ್ತಿರ 16 ಪಟ್ಟು. ಎರಡು ಸ್ಪೀಕರ್ ಒಂದನ್ನೊಂದು ಅಳಿಸಿಹಾಕುತ್ತಿರುವಾಗ ಎಷ್ಟು ಪವರ್ ಕೊಟ್ಟರೂ ನಡುವೆ ಕೂತವನಿಗೆ ಅಳಿದದ್ದೇ ಸಿಗುವುದು. ಬಿಸಿಯಾಗುವುದು ಮಾತ್ರ ಕಾಯಿಲ್, ಅಂದರೆ ಸ್ಪೀಕರ್‌ನ ಕೋನ್ ಅಲ್ಲಾಡಿಸುವ ತಂತಿಯ ಸುರುಳಿ. ಜುಲೈನಲ್ಲಿ ಒಂದು ರಿಸೆಪ್ಶನ್ ದಿನ ಬಲಗಡೆ ಸಬ್‌ನಿಂದ ಸುಟ್ಟ ವಾಸನೆ ಬಂತು. ಕಾಯಿಲ್ ಹೋಗಿತ್ತು.

ವೂಫರ್ ಬಿಚ್ಚಿ ಪೇಟೆಗೆ ಕಳಿಸಿದರು. ಹೊಸ ಕೋನ್, ಹೊಸ ಕಾಯಿಲ್ ಹಾಕಿ ಹದಿನೈದು ದಿನಕ್ಕೆ ವಾಪಸ್ ಬಂತು. ಹಾಕಿದರು, ನಡೆಯಿತು. ಆದರೆ ಕೇಳುವವರ ದೂರು ಕಮ್ಮಿ ಆಗಲಿಲ್ಲ, ಇನ್ನೂ ಹೆಚ್ಚಾಯಿತು. ಈ ಹೊತ್ತಿಗೆ ಸಮಿತಿಯಲ್ಲಿ ದೊಡ್ಡ ಮಾತು ಶುರುವಾಗಿತ್ತು. “ಹೊಸ ಬಣ್ಣದಿಂದ ಗೋಡೆ ಗಟ್ಟಿ ಆಗಿದೆ, ಅದಕ್ಕೇ ಹೀಗೆ” ಅಂತ ಒಬ್ಬರು. ಗೋಡೆಗೆಲ್ಲ ಫೋಮ್ ಹಾಕಿಸಬೇಕು ಅಂತ ಇನ್ನೊಬ್ಬರು. ಅದಕ್ಕೆ ಕೊಟೇಶನ್ ಕೂಡ ತರಿಸಿದ್ದರು. ಕಾರ್ಯದರ್ಶಿಯವರು ಆ ಹಣ ಕೊಡುವ ಮೊದಲು ಒಬ್ಬರಿಗೆ ತೋರಿಸೋಣ ಅಂತ ನನಗೆ ಫೋನ್ ಮಾಡಿದರು. ಆ ಒಂದು ಫೋನ್ ಮಾಡಿದ್ದಕ್ಕೆ ಭವನದ ದುಡ್ಡು ಉಳಿಯಿತು.

ಮೊದಲ ಭೇಟಿ: ಒಂದು ಸ್ಪೀಕರ್ ಬಂದ್ ಮಾಡಿದಾಗ

ಆಗಸ್ಟ್‌ನ ಒಂದು ಮಧ್ಯಾಹ್ನ ಹೋದೆ. ಹೊರಗೆ ಮಳೆ. ಮೊದಲು ಈಕ್ವಲೈಸರ್‌ನ ಗುಂಡಿಗಳನ್ನೆಲ್ಲ ಸೊನ್ನೆಗೆ ತಂದೆ. ಆಪರೇಟರ್‌ಗೆ ಮೈಕ್ ಕೊಟ್ಟು ಸುಮ್ನೆ ಮಾತಾಡ್ತಾ ಇರು ಅಂದೆ. ನಾನು ಹೋಗಿ ಸರೀ ನಡುವೆ, ಐದನೇ ಸಾಲಿನಲ್ಲಿ ಕೂತೆ.

ಅವನ ಮಾತು ನನ್ನ ಎದುರಿನಿಂದ ಬರಲಿಲ್ಲ. ತಲೆ ಸ್ವಲ್ಪ ಎಡಕ್ಕೆ ತಿರುಗಿಸಿದರೆ ಸ್ವರ ಬಲಕ್ಕೆ ಜಾರುತ್ತಿತ್ತು, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಒಂದೇ ಮೈಕ್, ಎರಡೂ ಟಾಪ್‌ಗೆ ಒಂದೇ ಸಿಗ್ನಲ್, ನಡುವೆ ಕೂತಿದ್ದೇನೆ ಅಂದ ಮೇಲೆ ಸ್ವರ ಮೂಗಿನ ನೇರಕ್ಕೆ, ವೇದಿಕೆಯ ನಡುವಿನಿಂದ ಬರಬೇಕು ಅಲ್ವಾ? ಬರಲಿಲ್ಲ.

ಆಮೇಲೆ ಬಲಗಡೆ ಟಾಪ್‌ನ ಆಂಪ್ ಗುಂಡಿಯನ್ನು ಪೂರ್ತಿ ಇಳಿಸಲು ಹೇಳಿದೆ. ಇಳಿಸಿದ. ಸ್ವರ ದಪ್ಪಗಾಯಿತು. ಒಂದು ಸ್ಪೀಕರ್ ಬಂದ್ ಮಾಡಿದ ಮೇಲೆ ಗಂಟಲಿನ ಕೆಳಗಿನ ದನಿ ಬಂತು. ಕಾರ್ಯದರ್ಶಿಯವರು ನನ್ನ ಪಕ್ಕದಲ್ಲೇ ಕೂತಿದ್ದರು. “ಅರೆ, ಕಮ್ಮಿ ಮಾಡಿದ್ರೆ ಜಾಸ್ತಿ ಆಯ್ತಲ್ಲ?” ಅಂದರು. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ. ಎರಡು ಸ್ಪೀಕರ್ ಸರಿಯಾಗಿದ್ದರೆ, ನಡುವೆ ಕೂತವನಿಗೆ ಒಂದರ ದನಿಗಿಂತ ಎರಡರ ದನಿ 6 ಡೆಸಿಬಲ್‌ನಷ್ಟು ಹೆಚ್ಚಾಗಬೇಕು. ಒಂದನ್ನು ತೆಗೆದಾಗ ದನಿ ತುಂಬಿ ಬಂದರೆ, ಅವು ಜಗಳದಲ್ಲಿವೆ ಅಂತಲೇ ಅರ್ಥ.

ಜಂಕ್ಷನ್ ಬಾಕ್ಸ್ ತೆರೆಸಿದೆವು. ಒಂದು ಕಡೆಯಿಂದ ಬಂದದ್ದು ಪಾರದರ್ಶಕ ಹೊದಿಕೆಯ ಸ್ಪೀಕರ್ ವಯರು. ಒಂದು ಎಳೆ ತಾಮ್ರದ ಬಣ್ಣ, ಇನ್ನೊಂದು ಬೆಳ್ಳಿ ಬಣ್ಣ. ಮುಂದೆ ಹೋದದ್ದು ಎರಡೂ ಎಳೆ ಒಂದೇ ಬಣ್ಣದ ಮನೆ ವಯರು. ಅದರ ಒಂದು ಎಳೆಯ ಮೇಲೆ ಸಣ್ಣ ಏಣು ಇರುತ್ತದೆ, ಬೆರಳು ಓಡಿಸಿದರೆ ಸಿಗುತ್ತದೆ. ಅದನ್ನು ಯಾರೂ ನೋಡಿರಲಿಲ್ಲ. ಅಲ್ಲಿ ಅದಲು ಬದಲಾಗಿತ್ತು.

ಎಲೆಕ್ಟ್ರಿಷಿಯನ್‌ನ ಪ್ರಶ್ನೆ

ಎಲೆಕ್ಟ್ರಿಷಿಯನ್‌ನನ್ನೂ ಕರೆಸಿದ್ದರು. ಅವನಿಗೆ ಬೇಜಾರಾಯಿತು. “ಇದೂ ಎಸಿ ತಾನೇ ಸರ್? ಬಲ್ಬಿಗೆ ಯಾವ ವಯರು ಯಾವ ಕಡೆ ಕೊಟ್ಟರೂ ಉರಿಯುತ್ತೆ. ಸ್ಪೀಕರ್ ಕೂಡ ಮಾತಾಡ್ತಾ ಇತ್ತಲ್ಲ?” ಅಂದ.

ಅವನ ಪ್ರಶ್ನೆ ಸರಿಯಾದದ್ದೇ. ಸ್ಪೀಕರ್‌ಗೆ ಹೋಗುವುದು ಎಸಿಯೇ. ಒಂದೇ ಸ್ಪೀಕರ್ ಇದ್ದಿದ್ದರೆ ಉಲ್ಟಾ ಕೊಟ್ಟರೂ ಸಾಮಾನ್ಯವಾಗಿ ಕೇಳುವವನಿಗೆ ಗೊತ್ತೇ ಆಗುವುದಿಲ್ಲ. ಕೋನ್ ಹೊರಗೆ ಹೋಗಬೇಕಾದಾಗ ಒಳಗೆ ಹೋಗುತ್ತದೆ, ಒಳಗೆ ಹೋಗಬೇಕಾದಾಗ ಹೊರಗೆ. ಸ್ವರ ಬದಲಾಗುವುದಿಲ್ಲ. ತೊಂದರೆ ಶುರುವಾಗುವುದು ಎರಡನೆಯದು ಪಕ್ಕಕ್ಕೆ ಬಂದಾಗ. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಒಂದೇ ಬಾಗಿಲನ್ನು ಇಬ್ಬರು ಆಚೆ ಈಚೆ ನಿಂತು ತಳ್ಳಿದ ಹಾಗೆ. ಇಬ್ಬರೂ ಬೆವರುತ್ತಾರೆ, ಬಾಗಿಲು ಅಲ್ಲಾಡುವುದಿಲ್ಲ.

ಮೇಲಿನ ಸ್ವರಗಳು ಯಾಕೆ ಉಳಿದವು ಅಂತ ಅವನು ಕೇಳಿದ. 1000 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ತಲೆ ಒಂದು ಗೇಣು ಆಚೀಚೆ ಆದರೂ, ಎಡ ಕಿವಿಯಿಂದ ಬಲ ಕಿವಿಗೆ ಬಂದರೂ ಲೆಕ್ಕ ಬದಲಾಗುತ್ತದೆ. ಒಂದು ಕಡೆ ಅಳಿದರೆ ಇನ್ನೊಂದು ಕಡೆ ಸಿಗುತ್ತದೆ. 100 ಹರ್ಟ್ಜ್‌ನ ಅಲೆ 3.4 ಮೀಟರ್, 50ರದ್ದು ಹತ್ತಿರಹತ್ತಿರ 7 ಮೀಟರ್. ಅಷ್ಟು ಉದ್ದದ ಅಲೆ ಅಳಿದರೆ ಅಕ್ಕಪಕ್ಕದ ನಾಲ್ಕಾರು ಕುರ್ಚಿಗಳಿಗೆ ಒಟ್ಟಿಗೇ ಅಳಿಯುತ್ತದೆ. ಅದಕ್ಕೇ ಮದ್ದಳೆಯ ಚರ್ಮ ಕೇಳಿಸಿತು, ಹೊಟ್ಟೆ ಹೋಯಿತು.

ಅವನು ತಾನೇ ಬಿಚ್ಚಿ, ತಾನೇ ಸರಿ ಮಾಡಿ, ಎರಡೂ ಕಡೆ ಕೆಂಪು ಟೇಪ್ ಸುತ್ತಿದ. ಮತ್ತೆ ಮೈಕ್ ಹಿಡಿದು ಮಾತಾಡಿದರೆ ಸ್ವರ ವೇದಿಕೆಯ ನಡುವೆ ಬಂದು ಕೂತಿತು.

ನಾನು ಬಿಟ್ಟುಬಂದದ್ದು

ಇಲ್ಲಿಯೇ ನನ್ನ ತಪ್ಪು. ಟಾಪ್ ಸರಿಯಾಯಿತು. ಸಬ್ ನೋಡಬೇಕಿತ್ತು. “ಮೊನ್ನೆಯಷ್ಟೇ ರಿಪೇರಿ ಆಗಿ ಬಂದಿದೆ, ಬೇಸ್ ಚೆನ್ನಾಗಿದೆ ಅಣ್ಣ, ಇಲ್ಲಿ ಬಂದು ಕೇಳಿ” ಅಂತ ಆಪರೇಟರ್ ಮಿಕ್ಸರ್ ಮೇಜಿನ ಹತ್ತಿರ ಕರೆದ. ಫೋನಿನಿಂದ ಒಂದು ಹಾಡು ಹಾಕಿದ. ನಿಜಕ್ಕೂ ಬೇಸ್ ಭರ್ಜರಿಯಾಗಿತ್ತು. ಎದೆಗೆ ತಾಗುತ್ತಿತ್ತು. ಕತ್ತಲಾಗುತ್ತಾ ಬಂದಿತ್ತು, ಘಾಟಿ ಇಳಿಯಬೇಕಿತ್ತು. ಸರಿ ಇದೆ ಅಂತ ಹೊರಟುಬಂದೆ.

ಮುಂದಿನ ಶನಿವಾರ ರಾತ್ರಿ ಕಾರ್ಯದರ್ಶಿಯವರ ಫೋನ್. ಮಾತು ಈಗ ಸ್ಪಷ್ಟವಾಗಿದೆ, ಅರ್ಥಧಾರಿಗಳು ಖುಷಿಯಾಗಿದ್ದಾರೆ. ಆದರೆ ಆ ಮದ್ದಳೆಗಾರರು ಮಾತ್ರ ಒಪ್ಪಿಲ್ಲ. “ಮಾತು ಬಂತು, ಮದ್ದಳೆ ಬರ್ಲಿಲ್ಲ” ಅಂದಿದ್ದಾರೆ. ಸಮಿತಿಯ ಕೆಲವರಿಗೆ ಇದು ಹಿರಿಯರ ತಕರಾರು ಅನ್ನಿಸಿತ್ತು. ನನಗೆ ಹಾಗೆ ಅನ್ನಿಸಲಿಲ್ಲ. ಐವತ್ತು ವರ್ಷ ಮದ್ದಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರ ಕಿವಿ ಅದು. ಅಳತೆಯ ಯಂತ್ರ ತಪ್ಪಬಹುದು, ಎಡಗೈಯ ಗುಂ ಇಲ್ಲ ಅಂತ ಅವರು ಹೇಳಿದರೆ ಅದು ಇಲ್ಲ.

ಎರಡನೇ ಭೇಟಿ: ಪೆನ್ಸಿಲ್ ಸೆಲ್

ಈ ಸಲ ಬೆಳಿಗ್ಗೆಯೇ ಹೋದೆ. ಜೇಬಿನಲ್ಲಿ ಒಂದು 1.5 ವೋಲ್ಟಿನ ಪೆನ್ಸಿಲ್ ಸೆಲ್, ಎರಡು ತುಂಡು ವಯರು.

ಮೊದಲು ಆಂಪ್ ಆಫ್ ಮಾಡಿ, ಸ್ಪೀಕರ್ ಪ್ಲಗ್‌ಗಳನ್ನು ಆಂಪ್‌ನಿಂದ ಕಿತ್ತೆ. ಇದನ್ನು ಮರೆಯಬಾರದು. ಆಂಪ್ ಜೋಡಿಸಿರುವಾಗ ಸೆಲ್ ಮುಟ್ಟಿಸಬಾರದು. ಸಬ್‌ಗಳ ಮುಂದಿನ ಜಾಲರಿ ಬಿಚ್ಚಿದೆವು. ನಾನು ಆಂಪ್ ಕಡೆಯ ಪ್ಲಗ್‌ನಲ್ಲಿ, 1+ ಅಂತ ಬರೆದ ಕಡೆಗೆ ಸೆಲ್‌ನ ಪ್ಲಸ್, 1− ಕಡೆಗೆ ಮೈನಸ್ ಇಟ್ಟು ಒಂದು ಕ್ಷಣ ಮುಟ್ಟಿಸಿ ತೆಗೆದೆ. ಆಪರೇಟರ್ ಸಬ್‌ನ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೋನ್ ಮೇಲೆ ಬೆರಳ ತುದಿ ಇಟ್ಟಿದ್ದ.

ಎಡಗಡೆಯದು ‘ಟಪ್’ ಅಂತು. “ಹೊರಗೆ ಬಂತು ಅಣ್ಣ, ಬೆರಳಿಗೆ ತಾಗ್ತು.”

ಬಲಗಡೆಯದಕ್ಕೆ ಹೋದ. ಮುಟ್ಟಿಸಿದೆ. ಅವನು ಮಾತಾಡಲಿಲ್ಲ. ಇನ್ನೊಂದು ಸಲ ಅಂದ. ಇನ್ನೊಂದು ಸಲ ಮುಟ್ಟಿಸಿದೆ. “ಒಳಗೆ ಹೋಗ್ತಿದೆ.”

ಸೆಲ್‌ನ ಪ್ಲಸ್ ಅನ್ನು ಸ್ಪೀಕರ್‌ನ ಪ್ಲಸ್‌ಗೆ ಮುಟ್ಟಿಸಿದರೆ ಕೋನ್ ಹೊರಗೆ ಬರಬೇಕು, ಇದು ಈಗ ಎಲ್ಲ ಕಡೆ ನಡೆಯುವ ಪದ್ಧತಿ. ಆಂಪ್ ತುದಿಯಿಂದ ಯಾಕೆ ಶುರು ಮಾಡಿದೆ ಅಂದರೆ, ಅಲ್ಲಿಂದ ಮುಟ್ಟಿಸಿದರೆ ವಯರು, ಪ್ಲಗ್, ಬಾಕ್ಸ್, ವೂಫರ್ ಎಲ್ಲ ಒಂದೇ ಸಲಕ್ಕೆ ಪರೀಕ್ಷೆ ಆಗುತ್ತದೆ. ತಪ್ಪಿದೆ ಅಂತ ಗೊತ್ತಾದ ಮೇಲೆ ಹಂತ ಹಂತವಾಗಿ ಹತ್ತಿರ ಹೋದರೆ ಸಾಕು. ಬಾಕ್ಸ್‌ನ ಹಿಂದೆ ಮುಟ್ಟಿಸಿದೆ. ಆಗಲೂ ಒಳಗೇ. ಅಂದರೆ ವಯರಿನ ತಪ್ಪಲ್ಲ. ವೂಫರ್ ಬಿಚ್ಚಿ ಹೊರಗೆ ತೆಗೆದೆವು. ಒಳಗಿನ ಕೆಂಪು ವಯರು ಕೆಂಪು ಗುರುತಿಗೇ ಇತ್ತು, ಕಪ್ಪು ಕಪ್ಪಿಗೇ ಇತ್ತು. ನೋಡಿದವರು ಯಾರೇ ಆದರೂ ಸರಿ ಇದೆ ಅನ್ನುತ್ತಿದ್ದರು. ಕೊನೆಗೆ ವೂಫರ್‌ನ ಟರ್ಮಿನಲ್‌ಗೇ ಸೆಲ್ ಇಟ್ಟೆ. ಪ್ಲಸ್ ಕೆಂಪಿಗೆ. ಕೋನ್ ಒಳಗೆ ಹೋಯಿತು.

ರಿಪೇರಿ ಮಾಡಿದವರು ಹೊಸ ಕಾಯಿಲ್‌ನ ಎರಡು ತುದಿಗಳನ್ನು ಬೆಸುಗೆ ಹಾಕುವಾಗ ಅದಲು ಬದಲು ಮಾಡಿದ್ದರು. ಗುರುತು ಹಳೆಯದು, ಕಾಯಿಲ್ ಹೊಸದು. ಬಣ್ಣ ನಂಬಿ ಜೋಡಿಸಿದವನ ತಪ್ಪು ಇದರಲ್ಲಿ ಏನೂ ಇಲ್ಲ. ರಿಪೇರಿ ಆಗದ ಸ್ಪೀಕರ್‌ನಲ್ಲೂ ಬಣ್ಣವನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಜೆಬಿಎಲ್ ಕಂಪನಿಯ ಹಳೆಯ ಪ್ರೊಫೆಷನಲ್ ವೂಫರ್‌ಗಳಲ್ಲಿ ಕೆಂಪಿಗೆ ಪ್ಲಸ್ ಕೊಟ್ಟರೆ ಕೋನ್ ಒಳಗೆ ಹೋಗುತ್ತಿತ್ತು. ಅದು ದೋಷ ಅಲ್ಲ, ಆಗ ಅವರು ಪಾಲಿಸುತ್ತಿದ್ದ ಪದ್ಧತಿ. ಅಂಥ ಹಳೆಯದನ್ನೂ ಹೊಸದನ್ನೂ ಬೆರೆಸಿ ಬಾಕ್ಸ್ ಕಟ್ಟಿದರೆ ಇದೇ ಪಾಡು.

ಈಗ ಒಂದು ಸಣ್ಣ ನಿರ್ಧಾರ. ಸುಮ್ನೆ ಕೆಂಪು ವಯರನ್ನು ಕಪ್ಪು ಟರ್ಮಿನಲ್‌ಗೆ ಹಾಕಿ ಮುಚ್ಚಿಬಿಡಬಹುದಿತ್ತು. ಆದರೆ ಮುಂದಿನ ಸಲ ಬಾಕ್ಸ್ ತೆರೆದವನು ಅದನ್ನು ನೋಡಿ “ಯಾರೋ ತಪ್ಪು ಹಾಕಿದ್ದಾರೆ” ಅಂತ ‘ಸರಿ’ ಮಾಡುತ್ತಾನೆ. ಹಾಗಾಗಿ ಹಳೆಯ ಗುರುತನ್ನು ಬ್ಲೇಡಿನಿಂದ ಕೆರೆದು ತೆಗೆದೆವು. ಕಾರ್ಯದರ್ಶಿಯವರ ಮನೆಯಿಂದ ಕೆಂಪು ನೇಲ್ ಪಾಲಿಶ್ ತರಿಸಿ, ನಿಜವಾದ ಪ್ಲಸ್‌ಗೆ ದೊಡ್ಡ ಬೊಟ್ಟು ಇಟ್ಟೆವು. ಮ್ಯಾಗ್ನೆಟ್ ಮೇಲೆ ಮಾರ್ಕರ್‌ನಲ್ಲಿ ತಾರೀಕು ಹಾಕಿ, ‘ಸೆಲ್ ಇಟ್ಟು ನೋಡಿದ್ದು’ ಅಂತ ಬರೆದೆವು.

“ಬೇಸ್ ಹೋಯ್ತು ಅಣ್ಣ”

ಎಲ್ಲ ಜೋಡಿಸಿದ ಮೇಲೆ ಆಪರೇಟರ್ ಅದೇ ಹಾಡು ಹಾಕಿದ. ಮೂಲೆಯ ಮೇಜಿನ ಹತ್ತಿರ ನಿಂತಿದ್ದವನ ಮುಖ ಬಾಡಿತು. “ಬೇಸ್ ಹೋಯ್ತು ಅಣ್ಣ. ಮೊದಲೇ ಚೆನ್ನಾಗಿತ್ತು.”

ನಾನೂ ಹೋಗಿ ಕೇಳಿದೆ. ಅವನು ಹೇಳಿದ್ದು ನಿಜ. ಆ ಮೂಲೆಯಲ್ಲಿ ಬೇಸ್ ಕಮ್ಮಿ ಆಗಿತ್ತು. ಕಾರ್ಯದರ್ಶಿಯವರು ಗಾಬರಿಯಾದರು. “ಇದ್ದ ಹಾಗೇ ಮಾಡಿಬಿಡಿ ಸರ್, ಇದ್ದದ್ದೂ ಹೋಗೋದು ಬೇಡ” ಅಂದರು. ಇಡೀ ಕೆಲಸ ಹಿಂದಕ್ಕೆ ಹೋಗುವ ಜಾಗ ಇದು. ಆಪರೇಟರ್ ಸುಳ್ಳು ಹೇಳುತ್ತಿಲ್ಲ, ಸೆಲ್ ಕೂಡ ಸುಳ್ಳು ಹೇಳುತ್ತಿಲ್ಲ. ಎರಡೂ ನಿಜ ಆಗುವುದು ಹೇಗೆ ಅಂತ ತೋರಿಸಬೇಕಿತ್ತು.

ಅಳತೆ ಟೇಪ್ ತರಿಸಿದೆ. ಮೂಲೆಯ ಮೇಜಿನಿಂದ ಎಡಗಡೆ ಸಬ್‌ಗೆ 16 ಮೀಟರ್. ಬಲಗಡೆ ಸಬ್‌ಗೆ 18.3 ಮೀಟರ್. ವ್ಯತ್ಯಾಸ ಸುಮಾರು 2.3 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 74 ಹರ್ಟ್ಜ್‌ನ ಆಸುಪಾಸಿನ ಅಲೆಗೆ ಈ 2.3 ಮೀಟರ್ ಸರಿಯಾಗಿ ಅರ್ಧ ಅಲೆ. ಬಲಗಡೆಯದು ಅರ್ಧ ಅಲೆ ತಡವಾಗಿ ಬರುತ್ತದೆ. ಮೊದಲೇ ಉಲ್ಟಾ ಆಗಿದ್ದ ಸಬ್, ಅರ್ಧ ಅಲೆ ತಡವಾದಾಗ ಇನ್ನೊಮ್ಮೆ ಉಲ್ಟಾ ಆಗಿ ಎಡಗಡೆಯದರ ಜೊತೆ ಸೇರುತ್ತಿತ್ತು. ಹಾಗಾಗಿ ಇಡೀ ಹಾಲಿನಲ್ಲಿ ಆ ಮೂಲೆಯಲ್ಲಿ, ಹಾಡಿನ ಬೇಸ್ ಗುದ್ದು ಇರುವ ಆ 74 ಹರ್ಟ್ಜ್ ಆಸುಪಾಸಿನಲ್ಲೇ, ತಪ್ಪು ವಯರಿಂಗ್ ಚೆನ್ನಾಗಿ ಕೇಳುತ್ತಿತ್ತು. ಈಗ ವಯರಿಂಗ್ ಸರಿಯಾದ ಮೇಲೆ ಅದೇ ಮೂಲೆಯಲ್ಲಿ ಅವು ಒಂದನ್ನೊಂದು ಅಳಿಸುತ್ತಿವೆ. ಹಾಲಿನ ಸರೀ ನಡುವಿನ ಗೆರೆಯಲ್ಲಿ ಎರಡೂ ಸಬ್ ಸಮ ದೂರ. ಅಲ್ಲಿ ಯಾವ ಹರ್ಟ್ಜ್ ತೆಗೆದುಕೊಂಡರೂ ಉಲ್ಟಾ ಇದ್ದಾಗ ಅಳಿಯುತ್ತದೆ, ಸರಿ ಇದ್ದಾಗ ಕೂಡುತ್ತದೆ.

ಲೆಕ್ಕ ಹೇಳಿದರೆ ಕಾರ್ಯದರ್ಶಿಯವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ, ಆಗಬೇಕಾಗಿಯೂ ಇಲ್ಲ. ಮದ್ದಳೆಗಾರರನ್ನೇ ಕರೆಸೋಣ ಅಂದೆ. ಬಂದರು, ಮಗನ ಕೈಯಲ್ಲಿ ಮದ್ದಳೆ. ಮಗ ವೇದಿಕೆಯಲ್ಲಿ ಕೂತು ನುಡಿಸಿದ. ಅವರು ಐದನೇ ಸಾಲಿನ ನಡುವಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು. ಕ್ರಾಸ್‌ಓವರ್‌ನಲ್ಲಿ ಬಲಗಡೆ ಸಬ್‌ನ ಪೋಲಾರಿಟಿ ತಿರುಗಿಸುವ ಬಟನ್ ಇತ್ತು. ಯಾವಾಗ ಒತ್ತುತ್ತೇನೆ ಅಂತ ಹೇಳದೆ ಆರು ಸಲ ಅತ್ತಿತ್ತ ಮಾಡಿದೆ. ಹೊಟ್ಟೆ ಬಂದಾಗ ಕೈ ಎತ್ತಿ ಅಂದಿದ್ದೆ. ಸರಿಯಾದ ಕಡೆಗೆ ತಂದ ಮೂರು ಸಲವೂ ಕೈ ಮೇಲೆ ಹೋಯಿತು. ಉಲ್ಟಾ ಇದ್ದಾಗ ಒಂದು ಸಲವೂ ಹೋಗಲಿಲ್ಲ. ಕಣ್ಣು ಬಿಟ್ಟು “ಇದು ಮದ್ದಳೆ” ಅಂದರು. ಆಮೇಲೆ ಯಾರೂ ವಾದ ಮಾಡಲಿಲ್ಲ.

ಆ ದಿನ ಸಮಿತಿ ತೆಗೆದುಕೊಂಡ ದೊಡ್ಡ ನಿರ್ಧಾರ ಮೇಜಿನದು. ಆರು ಕುರ್ಚಿ ತೆಗೆದು ಮಿಕ್ಸರ್ ಮೇಜನ್ನು ಹಿಂದಿನಿಂದ ಎರಡನೇ ಸಾಲಿನ ನಡುವೆ ತಂದರು. ಆಪರೇಟರ್ ಜನ ಕೇಳುವುದನ್ನೇ ಕೇಳದಿದ್ದರೆ ಅವನ ಕೈ ತಪ್ಪು ಗುಂಡಿಗೇ ಹೋಗುತ್ತದೆ. ಅವನ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ, ಅವನನ್ನು ಕೂರಿಸಿದ ಜಾಗ ಸರಿ ಇರಲಿಲ್ಲ. ಕಾಯಿಲ್ ಸುಟ್ಟದ್ದಕ್ಕೆ ಅವನನ್ನು ಬೈದಿದ್ದರು ಅಂತ ಆಮೇಲೆ ಗೊತ್ತಾಯಿತು. ಅದು ನನಗೆ ಬೇಜಾರು ತಂದ ವಿಷಯ.

ಮುಟ್ಟದೆ ಬಿಟ್ಟದ್ದು

ಸೆಲ್ ಕೈಗೆ ಸಿಕ್ಕ ಮೇಲೆ ಹುಡುಗನಿಗೆ ಉತ್ಸಾಹ ಬಂತು. ಟಾಪ್ ಬಿಚ್ಚಿ ನೋಡಿದ. ಎರಡೂ ಟಾಪ್‌ನಲ್ಲಿ ಹಾರ್ನ್‌ಗೆ ಹೋದ ಕೆಂಪು ವಯರು ಕಪ್ಪು ಗುರುತಿಗೆ ಇತ್ತು. “ಇಲ್ಲೂ ಉಲ್ಟಾ ಅಣ್ಣ, ತಿರುಗಿಸ್ತೇನೆ” ಅಂದ. ಬೇಡ ಅಂದೆ.

ಬಾಕ್ಸ್‌ನ ಒಳಗಿನ ಕ್ರಾಸ್‌ಓವರ್, ವೂಫರ್‌ನ ಸ್ವರ ಎಲ್ಲಿ ನಿಂತು ಹಾರ್ನ್‌ನ ಸ್ವರ ಎಲ್ಲಿ ಶುರುವಾಗಬೇಕು ಅಂತ ಹಂಚುತ್ತದೆ. ಹಂಚುವಾಗ ಅದು ಅಲೆಯನ್ನು ಸ್ವಲ್ಪ ಹಿಂದೆ ಮುಂದೆ ಮಾಡುತ್ತದೆ. ಆಕ್ಟೇವ್‌ಗೆ 12 ಡೆಸಿಬಲ್ ಇಳಿಸುವ ಜಾತಿಯ ಕ್ರಾಸ್‌ಓವರ್ ಆದರೆ, ಸೇರುವ ಜಾಗದಲ್ಲಿ ಎರಡೂ ಅರ್ಧ ಅಲೆಯಷ್ಟು ಬೇರೆಯಾಗುತ್ತವೆ. ಅದಕ್ಕೆ ತಯಾರಕರೇ ಒಂದನ್ನು ಬೇಕೆಂದೇ ಉಲ್ಟಾ ಕೊಟ್ಟಿರುತ್ತಾರೆ. ಲಿಂಕ್‌ವಿಟ್ಜ್ ಎಂಬವರು 1976ರಲ್ಲಿ ಬರೆದ ಲೇಖನದಿಂದ ಪ್ರಸಿದ್ಧವಾದ, ಅವರ ಮತ್ತು ಅವರ ಸಹೋದ್ಯೋಗಿ ರೈಲಿಯ ಹೆಸರು ಪಡೆದ 24 ಡೆಸಿಬಲ್ ಜಾತಿಯಲ್ಲಿ ಹಾಗೆ ಮಾಡಬೇಕಾಗಿಲ್ಲ. ಎರಡೂ ಬಾಕ್ಸ್‌ನಲ್ಲಿ ಒಂದೇ ರೀತಿ ಉಲ್ಟಾ ಇದ್ದರೆ ಅದು ಹೆಚ್ಚಾಗಿ ಫ್ಯಾಕ್ಟರಿಯ ನಿರ್ಧಾರ. ಒಂದರಲ್ಲಿ ಮಾತ್ರ ಇದ್ದರೆ ಆಗ ಅನುಮಾನ ಪಡಬೇಕು. ಹಾರ್ನ್‌ಗೆ ನೇರ ಸೆಲ್ ಇಡುವುದೂ ಬೇಡ. ಬಾಕ್ಸ್‌ನ ಹಿಂದಿನಿಂದ ಇಟ್ಟರೆ ಕೆಪಾಸಿಟರ್ ತಡೆಯುತ್ತದೆ, ‘ಟಿಕ್’ ಅನ್ನುವುದು ಬಿಟ್ಟರೆ ಏನೂ ಗೊತ್ತಾಗುವುದಿಲ್ಲ.

ಕೊನೆಯದಾಗಿ ಸಬ್ ಮತ್ತು ಟಾಪ್‌ನ ಹೊಂದಾಣಿಕೆ. 100 ಹರ್ಟ್ಜ್‌ನ ಸ್ವರ ಹಾಕಿ ಸಬ್‌ಗಳೆರಡನ್ನೂ ಒಟ್ಟಿಗೆ ಬಟನ್‌ನಿಂದ ಉಲ್ಟಾ ಮಾಡಿದರೆ ದನಿ ಜಾಸ್ತಿ ಆಗುತ್ತಿತ್ತು. ಹಾಗಾದರೆ ಅದೇ ಸರಿಯೇ? ಇಲ್ಲ. ಟಾಪ್‌ಗಳು ಗೋಡೆಯಲ್ಲಿವೆ, ಸಬ್‌ಗಳು ಅದಕ್ಕಿಂತ ಸುಮಾರು 1.7 ಮೀಟರ್ ಮುಂದೆ ನೆಲದಲ್ಲಿವೆ. ಸಬ್‌ನ ಸದ್ದು ಸುಮಾರು 5 ಮಿಲಿಸೆಕೆಂಡ್ ಮೊದಲೇ ಬರುತ್ತದೆ. 100 ಹರ್ಟ್ಜ್‌ಗೆ ಅದು ಅರ್ಧ ಅಲೆ. ಇದು ಪೋಲಾರಿಟಿಯ ವಿಷಯ ಅಲ್ಲ, ಸಮಯದ ವಿಷಯ. ಕಿವಿಗೆ ಎರಡೂ ಒಂದೇ ತರಹ ಕೇಳುವುದರಿಂದ ಎಲ್ಲರೂ ‘ಫೇಸ್ ಔಟ್’ ಅಂದುಬಿಡುತ್ತಾರೆ. ಬಟನ್ ಒತ್ತಿದರೆ 100ರ ಆಸುಪಾಸಿನಲ್ಲಿ ಕೆಲಸ ಆಗುತ್ತಿತ್ತು, ಅದರಿಂದ ದೂರ ಹೋದಂತೆ ತಪ್ಪುತ್ತಿತ್ತು. ಕ್ರಾಸ್‌ಓವರ್‌ನಲ್ಲಿ ಡಿಲೇ, ಅಂದರೆ ಸದ್ದನ್ನು ಬೇಕಾದಷ್ಟು ತಡ ಮಾಡಿ ಕಳಿಸುವ ವ್ಯವಸ್ಥೆ, ಇತ್ತು. ಸಬ್‌ಗೆ 5 ಮಿಲಿಸೆಕೆಂಡ್ ಕೊಟ್ಟು, ಪೋಲಾರಿಟಿ ಬಟನ್‌ಗಳನ್ನೆಲ್ಲ ನೇರಕ್ಕೆ ಬಿಟ್ಟೆವು. ಮದ್ದಳೆಯ ಎಡಗೈ ಬಲಗೈ ಒಟ್ಟಿಗೆ ಬಿದ್ದವು.

ಮೈಕ್ ವಯರುಗಳನ್ನೂ ನೋಡಿದೆವು. ಎಂಟರಲ್ಲಿ ಒಂದರಲ್ಲಿ 2 ಮತ್ತು 3ನೇ ಪಿನ್ ಅದಲು ಬದಲಾಗಿತ್ತು. 2ನೇ ಪಿನ್ ಪ್ಲಸ್ ಆಗಿರಬೇಕು ಅಂತ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ 1992ರ ಮಾನದಂಡ ಹೇಳುತ್ತದೆ. ಭಾಗವತರ ಮೈಕ್ ಮತ್ತು ಪಕ್ಕದ ಮದ್ದಳೆಯ ಮೈಕ್ ಒಂದೇ ಸದ್ದನ್ನು ಹಿಡಿಯುವಾಗ ಆ ಒಂದು ವಯರು ಸಾಕು, ಮತ್ತೆ ಹೊಟ್ಟೆ ಹೋಗಲು. ಅದನ್ನೂ ಬೆಸುಗೆ ಹಾಕಿ ಸರಿ ಮಾಡಿದ್ದಾಯಿತು.

ಆಮೇಲೆ

ಫೋಮ್ ಕೊಟೇಶನ್ ಫೈಲಿನಲ್ಲೇ ಉಳಿಯಿತು. ಒಂದು ಮಾತು ನ್ಯಾಯವಾಗಿ ಹೇಳಬೇಕು: ಆ ಹಾಲಿಗೆ ಸ್ವಲ್ಪ ಪರದೆ, ಹಿಂದಿನ ಗೋಡೆಗೆ ಏನಾದರೂ ಮೆತ್ತನೆಯದು ಬೇಕು ಅಂತಲೇ ನನ್ನ ಅಭಿಪ್ರಾಯ. ಆದರೆ ವಯರು ಉಲ್ಟಾ ಇಟ್ಟುಕೊಂಡು ಗೋಡೆಗೆ ದುಡ್ಡು ಹಾಕಿದ್ದರೆ ದುಡ್ಡೂ ಹೋಗುತ್ತಿತ್ತು, ಇನ್ನು ಮುಂದೆ ಏನು ಮಾಡಿದರೂ ಇಷ್ಟೇ ಅಂತ ಜನ ಕೈಚೆಲ್ಲುತ್ತಿದ್ದರು.

ಮಳೆಗಾಲದ ಉಳಿದ ತಾಳಮದ್ದಳೆಗಳಿಗೆ ಈಕ್ವಲೈಸರ್‌ನ ಗುಂಡಿಗಳು ಬಹುತೇಕ ಸೊನ್ನೆಯಲ್ಲೇ ಇದ್ದವು. ಆಂಪ್‌ನ ಕೆಂಪು ದೀಪ ಹತ್ತಲಿಲ್ಲ. ನಡುವಿನ ಕುರ್ಚಿಗಳು ಮೊದಲು ತುಂಬಲು ಶುರುವಾದವು. ಮೇಜಿನ ಡ್ರಾಯರ್‌ನಲ್ಲಿ ಒಂದು ಪೆನ್ಸಿಲ್ ಸೆಲ್, ಅದಕ್ಕೆ ಟೇಪ್ ಸುತ್ತಿ ಕಟ್ಟಿದ ಕೆಂಪು ಕಪ್ಪು ವಯರು ಸದಾ ಇರುತ್ತದೆ.

ದೀಪಾವಳಿ ಕಳೆದ ಮೇಲೆ ಎಡಗಡೆ ಸಬ್ ಕೂಡ ಒಮ್ಮೆ ರಿಪೇರಿಗೆ ಹೋಗಿ ಬಂತು. ರಾತ್ರಿ ಎಂಟು ಗಂಟೆಗೆ ಆಪರೇಟರ್ ಫೋನ್ ಮಾಡಿದ. ಹಿಂದಿನಿಂದ ಮದ್ದಳೆಯ ಶ್ರುತಿ ಮಾಡುವ ಸದ್ದು ಕೇಳುತ್ತಿತ್ತು.

“ಅಣ್ಣ, ಬಾಕ್ಸಿಗೆ ಹಾಕೋ ಮೊದಲೇ ಸೆಲ್ ಇಟ್ಟೆ. ಹೊರಗೆ ಬಂತು.”